ಬೀಗದಜ್ಜನ ಜೇಬು

ಚಳಿಗಾಲ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನ ಮೂರು ಗಂಟೆ. ನಾನು ಅಡುಗೆಮನೆಯ ಕಿಟಕಿ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದೆ. ತಮ್ಮನ ಸೊಸೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ ನೇರ ಒಳಗೆ ಬಂದಳು. ಕೈಚೀಲದಿಂದ ಹೊಸ ಬೀಗವೊಂದನ್ನು ತೆಗೆದು ತಿಂಡಿ ಕಪಾಟಿಗೆ ಹಾಕಿ, ಎರಡು ಸಲ ಜಗ್ಗಿ ನೋಡಿದಳು. ಶುರುವಾದದ್ದು ಅವತ್ತು.

ಇದು ನನ್ನ ತಮ್ಮನ ಮನೆ. ಗಂಡ ಹೋದ ಮೇಲೆ ಇಲ್ಲಿಗೆ ಬಂದವಳು ನಾನು. ಬಂದು ಮೂವತ್ತೆಂಟು ವರ್ಷವಾಯಿತು. ತಮ್ಮ ಬೀಗ ರಿಪೇರಿಯವನು. ರಸ್ತೆ ಕಡೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬೀದಿಯವರೆಲ್ಲ ಅವನನ್ನು ಬೀಗದಜ್ಜ ಎನ್ನುತ್ತಾರೆ. ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು ಓಡಿ ಬಂದು ಕರೆದರೆ, ಹೋಗಿ ಬಾಗಿಲು ತೆಗೆದುಕೊಟ್ಟು ಆಚೆಗೇ ನಿಂತು ಬೆನ್ನು ತಿರುಗಿಸುತ್ತಿದ್ದ. ಒಳಗೆ ಕಣ್ಣು ಹಾಯಿಸುತ್ತಿರಲಿಲ್ಲ. ತೆಗೆದ ಬೀಗವನ್ನು ತಾನೇ ಮತ್ತೆ ಹಾಕಿ ತೋರಿಸಿ ಬರುತ್ತಿದ್ದ. ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ ಅದು. ಇನ್ನೊಂದು ಪದ್ಧತಿಯೂ ಇತ್ತು. ಬೀಗದವರ ಮನೆಯಲ್ಲಿ ಬೀದಿ ಬಾಗಿಲಿಗೆ ಬಿಟ್ಟು ಒಳಗೆಲ್ಲೂ ಬೀಗ ಹಾಕುವಂತಿಲ್ಲ. ಮನೆಯವರನ್ನೇ ನಂಬದವನ ಕೈಗೆ ಊರಿನವರು ಕೀಲಿ ಯಾಕೆ ಕೊಡಬೇಕು ಎನ್ನುತ್ತಿದ್ದರು ಅಪ್ಪ.

ಚಹಾಕ್ಕೆ ಬಂದ ತಮ್ಮ ಕಪಾಟಿನ ಮುಂದೆ ನಿಂತುಬಿಟ್ಟ.

"ಇದೇನಮ್ಮಾ?"

"ಬೀಗ ಮಾವ. ನಿಮಗೆ ಗೊತ್ತಾಗಲ್ವಾ?"

"ಬೀಗ ಅಂತ ಗೊತ್ತಾಯ್ತು. ಯಾರಿಗೆ ಅಂತ ಕೇಳಿದೆ."

"ನಿಮಗೆ ಸಕ್ಕರೆ ಕಾಯಿಲೆ. ಬಿಸ್ಕತ್ತಿನ ಡಬ್ಬಿ ಮೂರು ದಿನಕ್ಕೆ ಖಾಲಿ. ನಿಮ್ಮ ಒಳ್ಳೇದಕ್ಕೇ ಹಾಕಿರೋದು."

"ಮುಟ್ಟಬೇಡಿ ಅಂದಿದ್ರೆ ಸಾಕಿತ್ತು."

"ಎಷ್ಟು ಸಲ ಹೇಳೋದು? ನನಗೂ ಬಾಯಿ ನೋಯುತ್ತೆ."

ತಮ್ಮ ಬೀಗವನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದ. "ತಗಡು. ನನ್ನ ಕೇಳಿದ್ರೆ ಗಟ್ಟಿಯಾದ್ದೇ ಕೊಡ್ತಿದ್ದೆ."

"ನಿಮ್ಮ ಹತ್ರ ತಗೊಂಡ್ರೆ ಅದರ ಕೀಲಿ ನಿಮ್ಮ ಹತ್ರಾನೂ ಇರುತ್ತಲ್ಲ" ಎಂದು ಸೊಸೆ ನಕ್ಕಳು.

ಬಿಸ್ಕತ್ತು ತಿನ್ನುತ್ತಿದ್ದವಳು ಮೊಮ್ಮಗಳು. ನನಗೆ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ಕೂಸಾಗಿದ್ದಾಗ ಅವನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ ಎಂದು ಅವಳಿಗೆ ಚಿಲಕ ಎಂದು ಹೆಸರಿಟ್ಟವನು ಅವನೇ. ಈಗ ಹದಿನೆಂಟು ತುಂಬಿದೆ. ಚಿಲಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಫೋನು ನೋಡುತ್ತಾ ಒಳಗೆ ಹೋದಳು.

ಒಂದು ಬೀಗ ಬಂದರೆ ಅದು ಒಂಟಿಯಾಗಿ ಇರುವುದಿಲ್ಲ. ಮುಂದಿನ ವಾರ ಫ್ರಿಜ್ಜಿಗೆ ಕೊಂಡಿ ಹೊಡೆಸಿ ಒಂದು ಹಾಕಿದರು. ಆಮೇಲೆ ಸೊಸೆಯ ಬೀರುವಿಗೆ. ಅಮ್ಮನನ್ನು ನೋಡಿ ಚಿಲಕ ತನ್ನ ಮೇಜಿನ ಖಾನೆಗೂ ಒಂದು ತಂದಳು. ಊಟ ಆಯ್ತಾ ಎಂದು ಒಬ್ಬರನ್ನೊಬ್ಬರು ಕೇಳುವುದು ನಿಂತಿತು. ಕೀಲಿ ಎಲ್ಲಿ ಎಂದು ಕೇಳುವುದು ಶುರುವಾಯಿತು. ನನಗೆ ರಾತ್ರಿ ಮಾತ್ರೆ ನುಂಗಲು ಒಂದು ಲೋಟ ಹಾಲು ಬೇಕೆಂದರೆ, ಸೊಸೆ ಧಾರಾವಾಹಿ ಮುಗಿಸಿ ಏಳುವವರೆಗೆ ಕಾಯಬೇಕು.

ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ತಮ್ಮನ ಮಗ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಅವನಿಗೆ ರಜೆಯಿದ್ದದ್ದು ಭಾನುವಾರ ಮಾತ್ರ. ತಮ್ಮ ಆಲೂಗಡ್ಡೆಯನ್ನು ತಟ್ಟೆಯಲ್ಲಿ ಆ ಕಡೆ ಈ ಕಡೆ ತಳ್ಳುತ್ತಿದ್ದ.

"ಅಪ್ಪ, ಒಂದು ಬೀಗಕ್ಕೆ ತಿಂಗಳುಗಟ್ಟಲೆ ಮುಖ ಊದಿಸ್ಕೋತಾರಾ?" ಎಂದ ಮಗ.

"ಒಂದಲ್ಲ, ನಾಲ್ಕು."

"ನಾಲ್ಕೇ ಅನ್ನಿ. ಬೀಗ ಇದ್ರೆ ಎಲ್ಲರಿಗೂ ನೆಮ್ಮದಿ."

"ಇದ್ರೆ ತಾನೇ" ಎಂದು ತಮ್ಮ ಎದ್ದ. ಚಿಲಕಳ ಕೂದಲಿನಿಂದ ಒಂದು ಪಿನ್ನು ಎಳೆದುಕೊಂಡು ಹೋದ. ಒಲೆಯ ಮೇಲೆ ಹಾಲು ಉಕ್ಕಿ ಬರುವಷ್ಟು ಹೊತ್ತು ಹಿಡಿಯಲಿಲ್ಲ. ನಾಲ್ಕೂ ಬೀಗ ತಂದು ಸೊಸೆಯ ತಟ್ಟೆಯ ಪಕ್ಕ ಸಾಲಾಗಿ ಇಟ್ಟ.

"ಇವು ಬೀಗ ಅಲ್ಲಮ್ಮಾ, ಆಟದ ಸಾಮಾನು."

ಚಿಲಕ ಚಪ್ಪಾಳೆ ಹೊಡೆದಳು. "ತಾತ, ಸೂಪರ್! ನನಗೂ ಕಲಿಸು." ಮಗ ಬಾಯಿತುಂಬ ನಕ್ಕ. ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ.

ಸೊಸೆ ಒಂದು ಬೀಗವನ್ನು ಬೆರಳಿನಿಂದ ಉರುಳಿಸಿದಳು. "ಅಂದ್ರೆ ಇಷ್ಟು ದಿನ ಯಾವಾಗ ಬೇಕಾದ್ರೂ ತೆಗೀತಿದ್ರಿ ಅಂತಾಯ್ತು."

ತಮ್ಮ ಕುರ್ಚಿ ಎಳೆಯುತ್ತಿದ್ದವನು ಹಾಗೇ ನಿಂತ. ಅದನ್ನು ಅವನು ಯೋಚಿಸಿರಲಿಲ್ಲ. "ಇವತ್ತೇ ಮೊದಲು" ಎಂದ. ನಾಲ್ಕನ್ನೂ ತಾನೇ ತೆಗೆದುಕೊಂಡು ಹೋಗಿ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲೇ ಹಾಕಿ ಬಂದ. ಅಷ್ಟರಲ್ಲಿ ಆಲೂಗಡ್ಡೆ ತಣ್ಣಗಾಗಿತ್ತು.

ಆ ವಾರವೆಲ್ಲ ಚಿಲಕ ಸಂಜೆ ಹೊತ್ತು ಅಂಗಡಿಯಲ್ಲಿ ಕೂತಳು. ಅವಳದು ಎಡಗೈ. "ಎಡಗಡೆಯಿಂದ ಒತ್ತು, ನಿನ್ನ ಕೈಗೆ ಅದೇ ಸಲೀಸು. ಬಲ ಹಾಕಬೇಡ ಕತ್ತೆ, ಅದು ಬಾಟಲಿ ಮುಚ್ಚಳ ಅಲ್ಲ" ಎಂದು ಅವನು ಬೈಯುವುದು ಒಳಗೆ ಕೇಳಿಸುತ್ತಿತ್ತು. ಶುಕ್ರವಾರದ ಹೊತ್ತಿಗೆ ಅವಳಿಗೆ ತಗಡು ಬೀಗ ತೆಗೆಯುವುದು ಬಂತು. ತಮ್ಮನನ್ನು ಅಷ್ಟು ಖುಷಿಯಲ್ಲಿ ನಾನು ನೋಡಿ ವರ್ಷಗಳಾಗಿದ್ದವು. ರಾತ್ರಿ ಊಟಕ್ಕೆ ಎರಡು ಸಲ ಬಡಿಸಿಕೊಂಡ.

ಅದಾದ ಎರಡು ವಾರಕ್ಕೆ ಆಸ್ಪತ್ರೆಯವರ ಔತಣವಿತ್ತು. ಸೊಸೆ ಸೀರೆ ಉಟ್ಟು ಬೀರು ತೆಗೆದವಳು ಚೀರಿದಳು. ಅವಳ ತಾಯಿ ಸಾಯುವಾಗ ಕೊಟ್ಟ ಕೆಂಪು ಕಲ್ಲಿನ ಓಲೆ ಇರಲಿಲ್ಲ. ಬೀಗ ಹಾಕಿದ್ದ ಹಾಗೇ ಇತ್ತು, ಒಳಗಿನ ಪುಟ್ಟ ಡಬ್ಬಿ ಖಾಲಿ. ಅವಳು ಯಾರನ್ನೂ ಏನೂ ಕೇಳಲಿಲ್ಲ. ನೇರ ಅಂಗಡಿಗೆ ಹೋದಳು. ಅಲ್ಲಿ ಎದುರು ಸಾಲಿನ ಔಷಧಿ ಅಂಗಡಿಯವಳು ಸೂಟ್‌ಕೇಸು ಇಟ್ಟುಕೊಂಡು ನಿಂತಿದ್ದಳು. ಜೊತೆಗೆ ಇನ್ನಿಬ್ಬರಿದ್ದರು.

"ಮಾವ, ನಮ್ಮಮ್ಮನ ಓಲೆ ಎಲ್ಲಿ?"

"ಯಾವ ಓಲೆ?"

"ಬೀಗ ಹಾಕಿದ ಬೀರು. ಬೀಗ ಮುರಿದಿಲ್ಲ. ಈ ಮನೇಲಿ ಕೀಲಿ ಇಲ್ಲದೆ ಬೀಗ ತೆಗೆಯೋರು ಎಷ್ಟು ಜನ ಇದ್ದಾರೆ ಹೇಳಿ."

"ಒಳಗೆ ಮಾತಾಡೋಣಮ್ಮಾ. ಜನ ಇದ್ದಾರೆ."

"ಇರಲಿ. ಕೀಲಿ ಕೊಟ್ಟು ಹೋಗ್ತಾರಲ್ಲ, ಅವರಿಗೂ ಗೊತ್ತಾಗ್ಲಿ."

ಔಷಧಿ ಅಂಗಡಿಯವಳು ಮೆಲ್ಲಗೆ ತನ್ನ ಸೂಟ್‌ಕೇಸು ಎತ್ತಿಕೊಂಡಳು. "ಆಮೇಲೆ ಬರ್ತೀನಿ ಅಜ್ಜ" ಎಂದಳು. ಆಮೇಲೆ ಬರಲಿಲ್ಲ. ಅವಳೊಬ್ಬಳೇ ಅಲ್ಲ. ನಾಲ್ಕು ದಿನಕ್ಕೆ ಆ ಮಾತು ಬೀದಿಯ ಕೊನೆ ಮುಟ್ಟಿತು. ರಿಪೇರಿಗೆ ಕೊಟ್ಟಿದ್ದವರು ಆಗಿದೆಯೋ ಇಲ್ಲವೋ ಕೇಳದೆ ವಾಪಸು ತೆಗೆದುಕೊಂಡು ಹೋದರು. ಹೋದ ವರ್ಷ ಅವನ ಹತ್ತಿರ ಕೀಲಿ ಮಾಡಿಸಿಕೊಂಡ ಟೀಚರಮ್ಮ ಮನೆಯ ಬೀಗವನ್ನೇ ಬದಲಾಯಿಸಿದಳಂತೆ. ಐವತ್ತೈದು ವರ್ಷ ಆ ಕೋಣೆಯಲ್ಲಿ ಅರ ಹಿಡಿದು ಕೀಲಿ ತಿಕ್ಕಿದವನು. ಬೀಗದವನಿಗೆ ಕೈಚಳಕ ಹೋದರೂ ಹೊಟ್ಟೆಪಾಡು ನಡೆಯುತ್ತದೆ, ಹೆಸರು ಹೋದರೆ ನಡೆಯುವುದಿಲ್ಲ. ಅವನಿಗೆ ಉಳಿದಿದ್ದದ್ದೂ ಅದೊಂದೇ.

ಆ ವಾರ ಮುಗಿಯುವ ಹೊತ್ತಿಗೆ ಒಂದು ಸಂಜೆ ತಮ್ಮ ಆ ಬೀರುವಿನ ಬೀಗವನ್ನು ಒಂದು ಸಲ ನೋಡಲು ಕೊಡಿ ಎಂದ. ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಎತ್ತಿ, ಕೀಲಿ ಹಾಕುವ ಬಾಯಿಯನ್ನು ಬಹಳ ಹೊತ್ತು ನೋಡಿದ.

"ಏನಾದ್ರೂ ಗೊತ್ತಾಯ್ತಾ?" ಎಂದ ಮಗ.

"ಇಲ್ಲ" ಎಂದು ವಾಪಸು ಕೊಟ್ಟ.

ಮಾರನೆಯ ದಿನ ಹಿತ್ತಲಲ್ಲಿ ನಾನು ಒದ್ದೆ ಹೊದಿಕೆ ಹರವುತ್ತಿದ್ದೆ. ಹೊದಿಕೆಯ ಆ ಕಡೆ ತಮ್ಮನ ದನಿ ಕೇಳಿತು.

"ಚಿಲಕ, ಓಲೆ ಎಲ್ಲಿಟ್ಟಿದ್ದೀಯ?"

"ಯಾವ ಓಲೆ? ನನಗೇನು ಗೊತ್ತು?"

"ಬೀಗದ ಬಾಯಿ ಎಡಗಡೆ ಗೀಚಿದೆ. ಕಲಿಸಿದವನು ನಾನು, ನನಗೆ ಗೊತ್ತಾಗಲ್ವಾ?"

ಆಮೇಲೆ ಅವಳು, "ಕಾಲೇಜು ಫಂಕ್ಷನ್‌ಗೆ ಹಾಕ್ಕೊಂಡು ಹೋದೆ. ಒಂದು ಎಲ್ಲೋ ಬಿದ್ದುಹೋಯ್ತು. ಬೇಕು ಅಂತ ಬೀಳಿಸಿದ್ನಾ?"

"ಅಮ್ಮನಿಗೆ ಹೇಳಿಬಿಡು. ಬೈತಾಳೆ, ಅಳ್ತಾಳೆ, ಸುಮ್ಮನಾಗ್ತಾಳೆ."

"ಬೈದು ಬಿಡ್ತಾಳಾ? ಮುಂದಿನ ವರ್ಷ ಹಾಸ್ಟೆಲ್ಲೂ ಬೇಡ, ಓದೂ ಬೇಡ ಅಂತಾಳೆ. ಪರೀಕ್ಷೆ ಬೇರೆ ತಲೆ ಮೇಲಿದೆ."

"ಅಂಗಡಿಗೆ ಜನ ಬರ್ತಿಲ್ಲ ಮಗಳೇ."

"ತಾತ, ನಿನಗೆ ಎಪ್ಪತ್ತಾರು. ಅಂಗಡಿ ಇವತ್ತಲ್ಲ ನಾಳೆ ಮುಚ್ಚೋದೇ ಅಲ್ವಾ? ನನ್ನದು ಈಗ ಶುರು ಆಗ್ತಿದೆ."

ಕೋಪದಲ್ಲಿ ಹೇಳಿದ್ದರೆ ನಾನು ಮರೆತುಬಿಡುತ್ತಿದ್ದೆ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದವರಿಗೆ ಹೇಳುವಂತೆ ಹೇಳಿದಳು.

"ನಾನಾಗಿ ಹೇಳಲ್ಲ" ಎಂದ ತಮ್ಮ. "ಪರೀಕ್ಷೆ ಮುಗಿದ ಮೇಲೆ ನೀನೇ ಹೇಳ್ಬೇಕು."

"ಆಯ್ತು. ಮುಗೀಲಿ."

ಮೂರು ವಾರ ಪರೀಕ್ಷೆ ನಡೆಯಿತು. ಆ ಮೂರು ವಾರ ಮನೆಯಲ್ಲಿ ಊಟವೆಂದರೆ ಶಿಕ್ಷೆಯಾಗಿತ್ತು. ಸೊಸೆ ತಟ್ಟೆಯನ್ನು ಅವನ ಮುಂದೆ ಕುಕ್ಕುತ್ತಿದ್ದಳು. ಅವನು ಉಪ್ಪು ಕೇಳಿದರೆ "ಬೀಗ ಹಾಕಿಲ್ಲ, ತಗೊಳ್ಳಿ" ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಚಮಚ ಸಿಗಲಿಲ್ಲ.

"ಇಲ್ಲೇ ಇತ್ತಲ್ಲ. ಮಾವನ ಜೇಬಲ್ಲಿ ಇದ್ಯಾ ನೋಡ್ರೀ" ಎಂದಳು.

ಮಗ ನಕ್ಕ. ಚಿಲಕಳೂ ನಕ್ಕಳು, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ. ಚಮಚ ಸಕ್ಕರೆ ಡಬ್ಬಿಯೊಳಗೇ ಇತ್ತು. ಡಬ್ಬಿಯಿದ್ದ ಕಪಾಟಿನ ಕೀಲಿ ಸೊಸೆಯ ಸೊಂಟದಲ್ಲಿತ್ತು.

ತಮ್ಮ ಮಾತ್ರ ಕ್ಯಾಲೆಂಡರು ನೋಡುತ್ತಿದ್ದ. "ಇನ್ನು ಎರಡು ಪೇಪರು" ಎನ್ನುತ್ತಿದ್ದ ನನ್ನ ಹತ್ತಿರ. "ಇನ್ನೊಂದು." ಯಾಕೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿದೆಯೆಂದೂ ಹೇಳಲಿಲ್ಲ. ಅವಳು ಹೇಳುತ್ತಾಳೆ ಎಂದು ನಾನೂ ಕಾದೆ. ಅದು ನನ್ನ ತಪ್ಪು.

ಪರೀಕ್ಷೆ ಮುಗಿದು ನಾಲ್ಕು ದಿನವಾಯಿತು. ಚಿಲಕ ಎರಡು ಸಿನಿಮಾ ನೋಡಿ ಬಂದಳು, ಕೂದಲು ಕತ್ತರಿಸಿಕೊಂಡು ಬಂದಳು. ಓಲೆಯ ಮಾತೇ ಇಲ್ಲ. ಐದನೆಯ ದಿನ ಅವಳ ಚಳಿ ಕೋಟನ್ನು ಒಗೆಯಲು ತೆಗೆದುಕೊಂಡೆ. ಹರಿದ ಅಸ್ತರಿನ ಒಳಗೆ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಬಿಡಿಸಿ ನೋಡಿದರೆ ಕೆಂಪು ಕಲ್ಲಿನ ಓಲೆ, ಒಂದೇ.

ಅಂಗಡಿಗೆ ಹೋಗಿ ತಮ್ಮನ ಕೈಯಲ್ಲಿಟ್ಟೆ. "ಯಾರ ಹತ್ರ ಸಿಕ್ತು ಅಂತ ನಿನಗೆ ಗೊತ್ತು, ನನಗೂ ಗೊತ್ತು. ಮೇಜಿನ ಮೇಲೆ ಇಟ್ಟುಬಿಡು. ನಿನ್ನ ಸೊಸೆಯೇ ನೋಡ್ಕೊಳ್ಳಲಿ."

"ಬೀಗದೊಳಗಿಂದ ಬಂದದ್ದು ಬೀಗದೊಳಕ್ಕೇ ಹೋಗ್ಬೇಕು ಅಕ್ಕ."

"ನಿನ್ನ ಪದ್ಧತಿ ಸುಟ್ಟುಹೋಯ್ತು! ಯಾರಾದ್ರೂ ನೋಡಿದ್ರೆ?"

"ಈ ಹೊತ್ತಲ್ಲಿ ಯಾರಿದ್ದಾರೆ? ಹೀಗೆ ಇಟ್ಟುಬಿಟ್ರೆ ಮಗು ಹೆಸರು ಬರಲ್ಲ."

ಪಿನ್ನು ತೆಗೆದುಕೊಂಡು ಒಳಗೆ ಹೋದ. ಇಡೀ ಜೀವಮಾನ ಬೇರೆಯವರ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತವನಿಗೆ, ತನ್ನ ಬೆನ್ನ ಹಿಂದೆ ಯಾರು ಬರುತ್ತಾರೆ ಎಂದು ನೋಡುವ ಅಭ್ಯಾಸವಿರಲಿಲ್ಲ. ಆ ದಿನ ಸೊಸೆ ತಲೆನೋವೆಂದು ಅರ್ಧ ದಿನಕ್ಕೇ ಬಂದಳು. ಅವಳು ಕೋಣೆಗೆ ಕಾಲಿಟ್ಟಾಗ ಬೀರು ತೆರೆದಿತ್ತು. ಬೀಗದಲ್ಲಿ ಪಿನ್ನು ನೇತಾಡುತ್ತಿತ್ತು. ಓಲೆ ಅವನ ಅಂಗೈಯಲ್ಲಿತ್ತು.

ಡಿಪೋದಿಂದ ಮಗನನ್ನು ಕರೆಸಿದಳು. ಚಿಲಕಳೂ ಬಂದಳು. ಎಲ್ಲರೂ ನಡುಮನೆಯಲ್ಲಿ ನಿಂತರು, ಯಾರೂ ಕೂರಲಿಲ್ಲ.

"ಇನ್ನೊಂದು ಎಲ್ಲಿ ಮಾವ? ಮಾರಿದ್ರಾ?"

ತಮ್ಮ ನೆಲ ನೋಡುತ್ತಿದ್ದ. ಚಿಲಕ ಉಗುರು ನೋಡಿಕೊಳ್ಳುತ್ತಿದ್ದಳು. ಆಗ ನಾನು ಬಾಯಿ ಬಿಟ್ಟೆ. ಆ ಮನೆಯಲ್ಲಿ ಮೂವತ್ತೆಂಟು ವರ್ಷ ಯಾವ ಜಗಳಕ್ಕೂ ಬಾಯಿ ಹಾಕದವಳು ನಾನು.

"ಅವನು ತೆಗೆದಿಲ್ಲ. ಓಲೆ ಸಿಕ್ಕಿದ್ದು ಚಿಲಕಳ ಕೋಟಲ್ಲಿ. ನಾನೇ ತೆಗೆದು ಕೊಟ್ಟೆ."

"ದೊಡ್ಡತ್ತೆ, ತಮ್ಮನ್ನ ಉಳಿಸ್ಕೊಳ್ಳೋಕೆ ಮಗು ಮೇಲೆ ಹಾಕ್ತೀರಾ?"

"ಅವಳನ್ನೇ ಕೇಳು."

ಚಿಲಕ ತಲೆಯೆತ್ತಿದಳು. ಕಣ್ಣು ಕೂಡ ಮಿಟುಕಿಸಲಿಲ್ಲ. "ಪಾಪ, ದೊಡ್ಡಜ್ಜಿಗೆ ಈಗೀಗ ಮರೆವು. ಮೊನ್ನೆ ಗ್ಯಾಸ್ ಕೂಡ ಹಾಗೇ ಬಿಟ್ಟಿದ್ರು."

ನಾನು ತಮ್ಮನ ಕಡೆ ತಿರುಗಿದೆ. "ನೀನಾದ್ರೂ ಹೇಳೋ."

ಅವನು ಚಿಲಕಳನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಅವಳಿಗೆ ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತಾಯಿತು. ಅವಳು ಹೇಳಲಿಲ್ಲ.

"ಅಕ್ಕನಿಗೆ ಮರೆವು" ಎಂದ. "ತೆಗೆದವನು ನಾನೇ. ಇನ್ನೊಂದು ಕಳೆದುಹೋಯ್ತು."

ನನ್ನ ಮಾತು ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಮಗ ತಂದೆಯ ತೋಳು ಹಿಡಿದ. "ಅಂಗಡಿಗೆ ಬನ್ನಿ."

"ಇಲ್ಲೇ ಬೈದುಬಿಡೋ."

"ಬೈಯಲ್ಲ. ಬನ್ನಿ."

ಅಂಗಡಿಯ ಬಾಗಿಲು ಪೂರ್ತಿ ತೆಗೆದು, ಬೀದಿಗೆ ಮುಖ ಮಾಡಿ ತಂದೆಯನ್ನು ನಿಲ್ಲಿಸಿದ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಜನ ನಿಂತು ನೋಡುತ್ತಿದ್ದರು.

"ಜೇಬು ತೆಗೀರಿ ಅಪ್ಪ. ಎರಡೂ. ಒಳಗಿನದು ಹೊರಗೆ ಬರ್ಬೇಕು."

ಇದನ್ನು ನಾನು ಒಂದು ಸಲ ನೋಡಿದ್ದೆ, ಅದೇ ಜಾಗದಲ್ಲಿ. ಮಗನಿಗೆ ಆಗ ಹದಿಮೂರು. ತಮ್ಮನ ಸಣ್ಣ ಅರ ಕಾಣೆಯಾಗಿತ್ತು. ಗಿರಾಕಿಗಳ ಮುಂದೆ ಹುಡುಗನನ್ನು ಬೀದಿಗೆ ಮುಖ ಮಾಡಿ ನಿಲ್ಲಿಸಿ "ಜೇಬು ತೆಗಿ" ಎಂದ. ಗೋಲಿಗಳು ಉದುರಿ ಬೀದಿಗೆ ಉರುಳಿದವು, ಜನ ನಕ್ಕರು. ಸಂಜೆ ಅರ ತಮ್ಮನ ಕೋಟಿನೊಳಗೇ ಸಿಕ್ಕಿತು. ತಪ್ಪಾಯಿತು ಎಂದು ಅವನು ಹೇಳಲಿಲ್ಲ. ಮಗನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದ. ಮಗ ಆ ಮೊಟ್ಟೆ ಮುಟ್ಟಲಿಲ್ಲ. ಬೆಳಿಗ್ಗೆ ಅದನ್ನು ತೆಗೆದು ಎಸೆದವಳು ನಾನು.

ಈಗ ತಮ್ಮ ಎರಡೂ ಜೇಬಿನ ಒಳಗನ್ನು ಹೊರಗೆಳೆದು ನಿಂತ. ಒಂದು ಕರವಸ್ತ್ರ, ಒಂದು ತುಂಡು ತಂತಿ ಬಿದ್ದವು.

"ಆವತ್ತಿಂದು ನಿನಗೆ ನೆನಪಿದೆಯೇನೋ" ಎಂದ ಮೆಲ್ಲಗೆ.

"ಯಾವತ್ತಿಂದು?" ಎಂದ ಮಗ. ಬಗ್ಗಿ ಕರವಸ್ತ್ರ ಎತ್ತಿ, ಮಡಿಸಿ, ತಂದೆಯ ಕೈಗೆ ಕೊಟ್ಟು ಡಿಪೋಗೆ ಹೋದ.

ಈಗಿನವರಿಗೆ ಮರ್ಯಾದೆ ತಿಳಿಯದು ಎಂದು ಔಷಧಿ ಅಂಗಡಿಯವಳು ನನ್ನ ಹತ್ತಿರ ಹೇಳುತ್ತಿರುತ್ತಾಳೆ. ನಾನು ತಲೆಯಾಡಿಸುತ್ತೇನೆ. ಹಿಂದಿನವರು ಒಳ್ಳೆಯವರಿದ್ದರು ಎಂದು ಮಾತ್ರ ನನ್ನ ಬಾಯಿಂದ ಬರುವುದಿಲ್ಲ. ನೋಯಿಸುವವರು ಆಗಲೂ ಇದ್ದರು, ಚಪ್ಪಲಿ ಆಚೆ ಬಿಟ್ಟು ಬರುತ್ತಿದ್ದರು, ಅಷ್ಟೆ.

ಸೊಸೆ ಅವನ ಅರ, ಚಿಮಟ, ತಂತಿಗಳನ್ನೆಲ್ಲ ಚೀಲಕ್ಕೆ ತುಂಬಿ ಬೀರುವಿನಲ್ಲಿಟ್ಟಳು. ಹಾಕಿದ್ದು ಅದೇ ತಗಡು ಬೀಗ. ಅವನು ಉಗುರಿನಲ್ಲಿ ತೆಗೆಯಬಹುದಾದ ಬೀಗ. ಮುಟ್ಟಲಿಲ್ಲ. ಅಂಗಡಿಯ ಬೋರ್ಡು ಇಳಿಯಿತು. ಆ ಕೋಣೆಯಲ್ಲಿ ಮಗನ ಸ್ಕೂಟರು ನಿಲ್ಲತೊಡಗಿತು. ತಮ್ಮ ಸ್ಕೂಟರಿನ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದ. ಯಾರಾದರೂ ಬಾಗಿಲಲ್ಲಿ ನಿಂತರೆ ಎದ್ದು ನಿಲ್ಲುತ್ತಿದ್ದ, ಅವರು ವಿಳಾಸ ಕೇಳಿ ಹೋಗುತ್ತಿದ್ದರು. ನನ್ನನ್ನು ಅಡುಗೆಮನೆಗೆ ಬಿಡುವುದು ನಿಂತಿತು, ಮರೆವಿನವಳು ಗ್ಯಾಸ್ ಬಿಟ್ಟಾಳು ಎಂದು. ಅಕ್ಕ ತಮ್ಮ ನಾವಿಬ್ಬರೂ ಅದರ ಮಾತು ಎತ್ತಲಿಲ್ಲ. ಒಂದು ಸಲ ಅವನು "ನಿನ್ನನ್ನ ಹಾಗಂದೆನಲ್ಲ ಅಕ್ಕ" ಎಂದು ಶುರು ಮಾಡಿದ. "ಚಹಾ ಆರುತ್ತೆ ಕುಡಿ" ಎಂದೆ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಚಿಲಕಳಿಗೆ ಒಳ್ಳೆಯ ಅಂಕ ಬಂದಿತ್ತು. ಬೇರೆ ಊರಿನ ಕಾಲೇಜು, ಹಾಸ್ಟೆಲ್ಲು. ಹೊರಡುವ ಹಿಂದಿನ ದಿನ ಅವಳು ಸ್ಕೂಟರು ದಾಟಿಕೊಂಡು ಅವನ ಹತ್ತಿರ ಬಂದಳು.

"ತಾತ, ಟ್ರಂಕಿಗೆ ಒಂದು ಗಟ್ಟಿ ಬೀಗ ಬೇಕು. ಹಾಸ್ಟೆಲ್ಲಲ್ಲಿ ಕಳ್ಳರ ಕಾಟ ಅಂತೆ. ತಗಡಿನದು ಬೇಡ."

ತಮ್ಮನ ಮುಖ ನೋಡಬೇಕಿತ್ತು. ಬೋರ್ಡು ಇಳಿದ ಆರು ವಾರದಲ್ಲಿ ಅವನ ಹತ್ತಿರ ಬೀಗ ಕೇಳಿ ಬಂದವಳು ಅವಳೊಬ್ಬಳೇ. ಮಂಚದ ಕೆಳಗೆ ನಮ್ಮಪ್ಪ ಮಾಡಿದ ಹಿತ್ತಾಳೆ ಬೀಗ ಒಂದಿತ್ತು. ಅದನ್ನು ಪಿನ್ನಿನಿಂದ ತೆಗೆಯಲು ಅವನಿಗೇ ಆಗುತ್ತಿರಲಿಲ್ಲ. ಸೊಸೆಯ ಹತ್ತಿರ ಹೋಗಿ, "ಅರ ಒಂದು ಅರ್ಧ ಗಂಟೆಗೆ ಕೊಡಮ್ಮಾ" ಎಂದ. ಅವಳು ಬೀರು ತೆಗೆದು ಕೊಟ್ಟಳು, ಅವನು ತಿಕ್ಕಿ ಮುಗಿಸುವವರೆಗೆ ಅಲ್ಲೇ ನಿಂತಿದ್ದು ವಾಪಸು ತೆಗೆದುಕೊಂಡಳು. ಬೀಗ ಹೊಸದರ ಹಾಗೆ ಹೊಳೆಯಿತು.

ಬೆಳಿಗ್ಗೆ ಆಟೋ ಬಾಗಿಲಿಗೆ ಬಂತು. ಟ್ರಂಕಿಗೆ ಬೀಗ ಅವನೇ ಹಾಕಿ, ಜಗ್ಗಿ ತೋರಿಸಿ, ಎರಡೂ ಕೀಲಿ ಅವಳ ಎಡಗೈಯಲ್ಲಿಟ್ಟ. ಚಿಲಕ ಕೀಲಿಗಳನ್ನು ಎಣಿಸುವಂತೆ ಅಂಗೈಯಲ್ಲಿ ಕುಲುಕಿದಳು.

"ತಾತ, ಎರಡೇ ತಾನೇ? ಇನ್ನೊಂದು ಮಾಡಿ ಇಟ್ಕೊಂಡಿಲ್ವಲ್ಲ?"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಗ ಟ್ರಂಕು ಎತ್ತಲು ಬಗ್ಗಿದ. ಯಾರೂ ಕೇಳದೆಯೇ ತಮ್ಮ ಬೀದಿಗೆ ಮುಖ ಮಾಡಿ ನಿಂತು, ಎರಡೂ ಜೇಬಿನ ಒಳಗನ್ನು ಹೊರಗೆಳೆದು ತೋರಿಸಿದ.

ಚಿಲಕ ಹೊರಟಳು.